ಅರವತ್ತು ದಾಟಿದವರ ಮೂತ್ರಕೋಶ

ಬಸ್ಸು ಹತ್ತುವ ಮುಂಚೆ ಎರಡು ಸಲ ಒಂದಕ್ಕೆ ಹೋಗಿ ಬರುವುದು, ಮದುವೆ ಮನೆಗೆ ಕಾಲಿಟ್ಟ ಕೂಡಲೇ ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿಕೊಳ್ಳುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು, ಪಂಚೆಯ ಮೇಲೆ ಹನಿ ಬಿದ್ದರೆ ಯಾರಿಗೂ ಕಾಣದಂತೆ ಮಡಚಿಕೊಳ್ಳುವುದು. ವಯಸ್ಸಾದ ಗಂಡಸರಿರುವ ಮನೆಗಳಲ್ಲಿ ಇದೆಲ್ಲ ಮಾಮೂಲು. ‘ವಯಸ್ಸಾಯ್ತಲ್ಲ, ಇನ್ನೇನು’ ಎಂದು ಅವರೂ ಸುಮ್ಮನಾಗುತ್ತಾರೆ, ಮನೆಯವರೂ ಸುಮ್ಮನಾಗುತ್ತಾರೆ. ಹಾಗೆ ಸಹಿಸಿಕೊಂಡು ಕೂತರೆ ಒಳಗೆ ಏನಾಗುತ್ತದೆ ಎಂಬುದನ್ನು ತಿಳಿದವರು ಸುಮ್ಮನಿರಲಾರರು.

ಗ್ರಂಥಿ ಏಕೆ ಬೆಳೆಯುತ್ತದೆ?

ಪ್ರಾಸ್ಟೇಟ್ ಗಂಡಸರಿಗಷ್ಟೇ ಇರುವ ಗ್ರಂಥಿ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಇದರ ಕೆಲಸ. ಯೌವನದಲ್ಲಿ ದಪ್ಪ ನೆಲ್ಲಿಕಾಯಿಯಷ್ಟಿದ್ದು ಸುಮಾರು 20 ಗ್ರಾಂ ತೂಗುತ್ತದೆ. ಇದು ಇರುವುದು ಮೂತ್ರಕೋಶದ ಬಾಯಿಯ ಕೆಳಗೆ. ಮೂತ್ರನಾಳ ಇದರ ನಡುವಿನಿಂದಲೇ ಹಾದುಹೋಗುತ್ತದೆ. ನಡುವಯಸ್ಸಿನ ನಂತರ ಗ್ರಂಥಿ ಮೆಲ್ಲಗೆ ಬೆಳೆಯುತ್ತಾ ನಾಳವನ್ನು ಒತ್ತತೊಡಗುತ್ತದೆ. 60ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡಸರಲ್ಲಿ, 80 ದಾಟಿದ ಬಹುಪಾಲು ಜನರಲ್ಲಿ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ.

ಬೆಳವಣಿಗೆಯ ಮೂಲ ಸಿಕ್ಕಿದ ಕಥೆ ಸ್ವಾರಸ್ಯವಾಗಿದೆ. ಡೊಮಿನಿಕನ್ ರಿಪಬ್ಲಿಕ್ ದೇಶದ ಸಲಿನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು, ಹರೆಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ವೈದ್ಯೆ ಜೂಲಿಯೆನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಟೆಸ್ಟೊಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಕೊರತೆ ಅವರಲ್ಲಿತ್ತು. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಪುಟ್ಟದಾಗಿಯೇ ಉಳಿದಿತ್ತು. ಆ ಕಿಣ್ವವನ್ನೇ ತಡೆದರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ್ದು ಫಿನಾಸ್ಟರೈಡ್ ಮಾತ್ರೆ. 1992ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಪೆಟ್ಟು ಬೀಳುವುದು ಮೂತ್ರಕೋಶಕ್ಕೆ

ನಾಳ ಕಿರಿದಾದಾಗ ಮೂತ್ರಕೋಶದ ಸ್ನಾಯು ಹೆಚ್ಚು ಬಲ ಹಾಕಿ ತಳ್ಳುತ್ತದೆ, ದುಡಿದು ದುಡಿದು ದಪ್ಪವಾಗುತ್ತದೆ. ಹೀಗಾಗಿ ಎಷ್ಟೋ ವರ್ಷ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ದಪ್ಪಗಾದ ಸ್ನಾಯು ತುಸು ತುಂಬಿದರೂ ಹಿಂಡತೊಡಗುತ್ತದೆ. ಸಾಮಾನ್ಯವಾಗಿ 400–500 ಮಿಲಿಲೀಟರ್ ಹಿಡಿಯಬಲ್ಲ ಚೀಲ ಅದರಲ್ಲಿ ಕಾಲುಭಾಗ ತುಂಬುವಾಗಲೇ ಅವಸರ ಮಾಡುತ್ತದೆ. ಬಚ್ಚಲು ತಲುಪುವಷ್ಟರಲ್ಲಿ ಬಟ್ಟೆ ಒದ್ದೆಯಾಗಿರುತ್ತದೆ. ಮುಂದಿನ ಹಂತದಲ್ಲಿ ಸ್ನಾಯು ಸೋಲುತ್ತದೆ. ಪೂರ್ತಿ ಖಾಲಿಯಾಗದೆ ಉಳಿದ ಮೂತ್ರದಲ್ಲಿ ಸೋಂಕು, ಕಲ್ಲು ಬೆಳೆಯುತ್ತವೆ. ಕೊನೆಗೆ ತುಂಬಿ ತುಳುಕುವ ಚೀಲದಿಂದ ಹನಿಹನಿಯಾಗಿ ಸೋರುತ್ತಲೇ ಇರುತ್ತದೆ. ‘ಹೋಗ್ತಾನೇ ಇದೆಯಲ್ಲ’ ಎಂದುಕೊಳ್ಳುವ ವ್ಯಕ್ತಿಗೆ ನಿಜಕ್ಕೂ ಮೂತ್ರ ಕಟ್ಟಿರುತ್ತದೆ. ಒತ್ತಡ ಮೇಲಕ್ಕೇರಿದರೆ ಮೂತ್ರಪಿಂಡಗಳಿಗೂ ಹಾನಿ.

ನೆಗಡಿ ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅನೇಕ ಮಾತ್ರೆಗಳಲ್ಲಿ ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಇರುತ್ತವೆ. ಮೊದಲನೆಯದು ಮೂತ್ರಕೋಶದ ಬಾಯಿಯನ್ನು ಬಿಗಿ ಮಾಡುತ್ತದೆ, ಎರಡನೆಯದು ತಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಮೊದಲೇ ಕಿರಿದಾದ ನಾಳ ಇವುಗಳಿಂದ ಪೂರ್ತಿ ಕಟ್ಟಿಕೊಳ್ಳಬಹುದು. ಹೊಟ್ಟೆಯ ಕೆಳಭಾಗ ಊದಿಕೊಂಡು, ನೋವು ತಡೆಯಲಾರದೆ, ಒಂದು ಹನಿಯೂ ಹೋಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ ಕ್ಯಾತಿಟರ್ ಹಾಕಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಒಂದು ಅಳತೆಯ ಮಗ್ಗು ಇಟ್ಟುಕೊಂಡು ಮೂರು ದಿನ ಬರೆದಿಡಿ: ಎಷ್ಟು ಗಂಟೆಗೆ, ಎಷ್ಟು ಮಿಲಿಲೀಟರ್, ಎಲ್ಲಿ ಸೋರಿತು, ಏನು ಕುಡಿದಿರಿ. ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ಚೀಟಿ ಇಲ್ಲ. ರಾತ್ರಿ ಪ್ರತಿ ಸಲವೂ ತುಂಬಾ ಹೋಗುತ್ತಿದ್ದರೆ ಕಾರಣ ಪ್ರಾಸ್ಟೇಟ್ ಆಗಿರದೆ ಶುಗರ್ ಇರಬಹುದು, ಹೃದಯದ ತೊಂದರೆ ಇರಬಹುದು. ಹಗಲು ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತಿರಬಹುದು. ಕಾಲು ಬಾತುಕೊಳ್ಳುವವರು ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಎತ್ತರದಲ್ಲಿಟ್ಟು ಮಲಗುವುದು ಒಳ್ಳೆಯದು.

ಸೋರುತ್ತದೆಂದು ನೀರು ಕುಡಿಯುವುದನ್ನೇ ಬಿಡಬೇಡಿ; ಮೂತ್ರ ಗಟ್ಟಿಯಾದಷ್ಟೂ ಉರಿ, ಅವಸರ ಹೆಚ್ಚು. ಮಲಗುವ ಎರಡು ಮೂರು ಗಂಟೆ ಮುಂಚೆ ಮಾತ್ರ ಕಡಿಮೆ ಮಾಡಿ. ಸಂಜೆಯ ಕಾಫಿ, ಚಹಾ ಬಿಟ್ಟು ನೋಡಿ. ಮಲಬದ್ಧತೆ ಇದ್ದರೆ ಸರಿಪಡಿಸಿಕೊಳ್ಳಿ. ಮುಗಿಯಿತೆಂದು ಎದ್ದ ಮೇಲೆ ಹನಿ ಬೀಳುವವರು ವೃಷಣಗಳ ಹಿಂಭಾಗದಲ್ಲಿ ಬೆರಳಿನಿಂದ ಒತ್ತಿ ಮುಂದಕ್ಕೆ ಸವರಿದರೆ ನಾಳದಲ್ಲಿ ಉಳಿದದ್ದು ಅಲ್ಲೇ ಹೊರಬರುತ್ತದೆ. ಹೂಸು ತಡೆಯುವಾಗ ಬಿಗಿ ಮಾಡುವ ಸ್ನಾಯುವನ್ನು ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿದು ಬಿಡುವುದನ್ನು ಹತ್ತು ಬಾರಿಯಂತೆ ದಿನಕ್ಕೆ ಮೂರು ಸಲ ಮಾಡಿದರೆ ಹಿಡಿತ ಬಲವಾಗುತ್ತದೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದವರಿಗೆ ಇದು ವಿಶೇಷವಾಗಿ ಉಪಯೋಗ.

ವೈದ್ಯರ ಬಳಿ

ಮೂತ್ರ ಪರೀಕ್ಷೆ, ಶುಗರ್, ಕ್ರಿಯೇಟಿನಿನ್, ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿ ಮುಟ್ಟಿನೋಡುವುದು, ಒಂದಕ್ಕೆ ಹೋಗಿಬಂದ ಮೇಲೆ ಎಷ್ಟು ಉಳಿದಿದೆ ಎಂದು ತಿಳಿಯಲು ಸ್ಕ್ಯಾನಿಂಗ್: ತಪಾಸಣೆ ಸಾಮಾನ್ಯವಾಗಿ ಇಷ್ಟೇ. ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಸೇರುವ ಪಿಎಸ್ಎ ಎಂಬ ಪ್ರೋಟೀನಿನ ಪ್ರಮಾಣವನ್ನೂ ನೋಡುವುದುಂಟು; ಅದು ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಸೋಂಕಿನಲ್ಲೂ, ಸಾದಾ ಬೆಳವಣಿಗೆಯಲ್ಲೂ ಅದು ಏರುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಶುರುವಿನಲ್ಲಿ ಯಾವ ಲಕ್ಷಣವನ್ನೂ ತೋರದಿರಬಹುದು. ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಮೂತ್ರದಲ್ಲಿ ರಕ್ತ ಕಂಡರೆ, ಅದು ಒಂದೇ ಸಲವಾದರೂ, ತಡಮಾಡದೆ ತೋರಿಸಿ.

ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಗ್ರಂಥಿಯ ಬಿಗಿತ ಸಡಿಲಿಸಿ ಕೆಲವೇ ದಿನಗಳಲ್ಲಿ ಗುಣ ತೋರಿಸುತ್ತದೆ. ಎದ್ದು ನಿಂತಾಗ ತಲೆ ತಿರುಗಬಹುದು, ಆದ್ದರಿಂದ ರಾತ್ರಿ ಏಳುವಾಗ ಒಂದು ಕ್ಷಣ ಹಾಸಿಗೆಯ ಅಂಚಿನಲ್ಲಿ ಕೂತು ಏಳಿ. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಿ. ಫಿನಾಸ್ಟರೈಡ್ ಗ್ರಂಥಿಯನ್ನು ಕುಗ್ಗಿಸಲು ಆರು ತಿಂಗಳಾದರೂ ಬೇಕು. ಅದು ಪಿಎಸ್ಎ ಅಂಕಿಯನ್ನೂ ಸುಮಾರು ಅರ್ಧಕ್ಕಿಳಿಸುತ್ತದೆ. ಮಾತ್ರೆ ಸಾಲದಿದ್ದರೆ ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಅಡ್ಡವಾದ ಭಾಗವನ್ನು ತೆಗೆಯುತ್ತಾರೆ, ಹೊಟ್ಟೆ ಕೊಯ್ಯಬೇಕಾಗಿಲ್ಲ.

ಮೂತ್ರಕೋಶಕ್ಕೆ ಇನ್ನೂ ಕಸುವಿರುವಾಗ ಬಂದವರಲ್ಲಿ ಅನೇಕರಿಗೆ ಮಾತ್ರೆಯಲ್ಲೇ ನೆಮ್ಮದಿ ಸಿಗುತ್ತದೆ. ಕಸುವು ಹೋದ ಮೇಲೆ ಶಸ್ತ್ರಚಿಕಿತ್ಸೆ ದಾರಿ ಬಿಡಿಸಿಕೊಟ್ಟೀತೇ ಹೊರತು ತಳ್ಳುವ ಬಲವನ್ನು ತಂದುಕೊಡಲಾರದು. ಅಪ್ಪನ ಬಿಪಿ, ಶುಗರ್ ಎಷ್ಟಿದೆ ಎಂದು ವಿಚಾರಿಸುವ ಮಕ್ಕಳು ‘ಒಂದಕ್ಕೆ ಸಲೀಸಾಗಿ ಹೋಗ್ತಿದೆಯಾ ಅಪ್ಪಾ?’ ಎಂದೂ ಕೇಳಲಿ. ಅಪ್ಪಂದಿರು ಮುಚ್ಚುಮರೆಯಿಲ್ಲದೆ ಉತ್ತರ ಹೇಳಲಿ.