ಎರೆನಾಡಿನ ಸಡಕು

ಮುಧೋಳದಿಂದ ಹೊರಟು ಸಮೀರವಾಡಿ, ಮಹಾಲಿಂಗಪುರ, ರಬಕವಿ-ಬನಹಟ್ಟಿಗಳ ಮಾರ್ಗವಾಗಿ ಜಮಖಂಡಿಯನ್ನು ಮುಟ್ಟುವ ಸಡಕು ನೋಡಲಿಕ್ಕೆ ಸಾಮಾನ್ಯವಾದದ್ದು. ಆದರೂ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳ ವಿದ್ಯೆಯು ಇಂಥ ಸಡಕುಗಳನ್ನೇ ಅವಲಂಬಿಸಿರುವದರಿಂದ, ಅದರ ಸಂಗತಿಯನ್ನು ವಾಚಕರು ತಿಳಿಯುವದು ಉಚಿತವಾಗಿದೆ.

1948ರ ವರೆಗೆ ಈ ಅಲ್ಪ ದೂರದೊಳಗೆ ಮೂರು ಸಂಸ್ಥಾನಗಳ ನೆಲವಿತ್ತು. ಮುಧೋಳ, ಮಹಾಲಿಂಗಪುರಗಳು ಘೋರ್ಪಡೆಯವರಿಗೂ, ರಬಕವಿಯು ಸಾಂಗಲಿಯ ಪಟವರ್ಧನರಿಗೂ, ಜಮಖಂಡಿಯು ಅದೇ ಮನೆತನದ ಬೇರೊಂದು ಶಾಖೆಗೂ ಸೇರಿದ್ದವು. ಆ ವರ್ಷ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗಳು ಅಳಿದರೂ ಊರೂರುಗಳ ಕೊಡುಕೊಳ್ಳುವಿಕೆಯು ಅಳಿಯಲಿಲ್ಲ. ಬನಹಟ್ಟಿಯ ಸೀರೆ, ಮಹಾಲಿಂಗಪುರದ ಬೆಲ್ಲ, ಸಮೀರವಾಡಿಯ ಸಕ್ಕರೆ ಇವೆಲ್ಲವೂ ಸಡಕನ್ನೇ ನಂಬಿಕೊಂಡಿವೆ.

ಇಲ್ಲಿ ಸಡಕಿಗೆ ಮೊದಲನೆಯ ವೈರಿಯು ಎರೆಮಣ್ಣು. ಅದು ನೀರು ಕುಡಿದಾಗ ಉಬ್ಬುವದು, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವದು. ಹೀಗೆ ಅಡಿಪಾಯವೇ ಅಲುಗಾಡಿದರೆ ಮೇಲಿನ ಡಾಂಬರು ಎಷ್ಟು ದಿನ ನಿಂತೀತು? ಆದಕಾರಣ ಎರೆಯ ಮೇಲೆ ಗರಸನ್ನು ಹಾಸಿ, ಖಡಿಯನ್ನು ಹೊಡೆದು ಕೂಡಿಸಿ, ನಡುಭಾಗವನ್ನು ತುಸು ಎತ್ತರಿಸಿ, ಎರಡೂ ಬದಿಗೆ ನೀರು ಹರಿದುಹೋಗುವ ಕಾಲುವೆ ತೆಗೆಯಬೇಕು. ಆ ಕಾಲುವೆಯನ್ನು ಹೊಲದವರು ಮುಚ್ಚಿದರೆ ಸಡಕು ಕೆಡುವದು ನಿಶ್ಚಯ. ಆಸ್ಟ್ರೇಲಿಯದ ಒಳನಾಡಿನಲ್ಲಿಯೂ ಇಂಥ ಕರಿಮಣ್ಣುಂಟು. ಮಳೆಯಾದರೆ ಅಲ್ಲಿನ ಕಚ್ಚಾ ರಸ್ತೆಗಳನ್ನು ಒಣಗುವ ತನಕ ಮುಚ್ಚಿಬಿಡುತ್ತಾರೆ.

ಎರಡನೆಯದು ಭಾರ. ಹಿಂದೆ ಚಕ್ಕಡಿಯ ಕಬ್ಬಿಣದ ಹಳಿಗಳು ದಾರಿಯನ್ನು ಕೊರೆಯುತ್ತಿದ್ದವು. ಈಗ ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರು ಎರಡು ಟ್ರೇಲರುಗಳನ್ನು ಎಳೆದುಕೊಂಡು ಹೋಗುತ್ತದೆ. ಮೂರನೆಯದು ಪ್ರವಾಹ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಹರಿದಾಗ ಈ ಭಾಗದ ಅನೇಕ ಸೇತುವೆಗಳೂ ದಾರಿಗಳೂ ಮುಳುಗಿ, ನೆರೆಯೂರೇ ಪರಊರಾಯಿತು.

ಸಡಕು ಕೆಟ್ಟಾಗ ಬೆಲ್ಲದ ಗಾಡಿಯು ತಡವಾಗಿಯಾದರೂ ಪೇಟೆಗೆ ಮುಟ್ಟೀತು. ಆದರೆ ಬಸ್ಸು ನಿಂತರೆ ಮನೆಯಲ್ಲಿ ಮೊದಲು ಉಳಿಯುವವಳು ಮಗಳು; ಕೆಲವು ದಿನಗಳ ಗೈರುಹಾಜರಿಯು ಕೆಲವೊಮ್ಮೆ ಶಾಲೆಯ ಕೊನೆಯೇ ಆಗುವದುಂಟು. ಆದ್ದರಿಂದ ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ವಿನಂತಿಯೇನೆಂದರೆ: ನಿಮ್ಮ ಹೊಲದ ಬದಿಯ ಕಾಲುವೆಯನ್ನು ತೆರೆದಿಡಿರಿ; ಕಬ್ಬಿನ ಟ್ರೇಲರಿನ ಹಿಂದೆ ರಾತ್ರಿ ಹೊಳೆಯುವ ಕೆಂಪು ಪಟ್ಟಿಯನ್ನು ತಪ್ಪದೆ ಹಚ್ಚಿಸಿರಿ; ಗ್ರಾಮಸಭೆಯಲ್ಲಿ ಸಡಕಿನ ಮಾತು ಬಂದಾಗ ಹೆಣ್ಣುಮಕ್ಕಳ ಶಾಲೆಯ ಮಾತನ್ನೂ ಎತ್ತಿರಿ. ಸಡಕನ್ನು ಕಟ್ಟುವದು ಸರಕಾರದ ಕೆಲಸವಾದರೂ ಕಾಯುವದು ನಮ್ಮೆಲ್ಲರ ಕೆಲಸವಾಗಿದೆ.