ಹಾನಿಟನ್: ಲೇಸ್ ಹೆಣೆದ ಕೈಗಳ ಊರು

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹಾನಿಟನ್ ಎಂಬ ಪುಟ್ಟ ಪಟ್ಟಣವಿದೆ. ಊರಾಚೆಯ ಗುಡ್ಡದ ಮೇಲಿನ ಸೇಂಟ್ ಮೈಕೇಲ್ ಚರ್ಚಿನಲ್ಲಿ ಜೇಮ್ಸ್ ರಾಡ್ಜ್ ಎಂಬಾತನ ಗೋರಿಯಿದೆ. ಈತ 1617ರಲ್ಲಿ ತೀರಿಕೊಂಡ ಲೇಸ್ ವ್ಯಾಪಾರಿ. ಊರಿನ ಬಡವರಿಗೆಂದು ನೂರು ಪೌಂಡಿನ ದತ್ತಿ ಬಿಟ್ಟುಹೋದ ಎಂದು ಗೋರಿಯ ಕಲ್ಲು ಹೇಳುತ್ತದೆ. ಲೇಸ್ ಮಾರಿದವನು ಅಷ್ಟು ಹಣ ಬಿಟ್ಟುಹೋಗಿದ್ದಾನೆಂದರೆ, ನಾನೂರು ವರ್ಷಗಳ ಹಿಂದೆಯೇ ಆ ಕಸುಬು ಅಲ್ಲಿ ಬೇರೂರಿತ್ತು ಎಂದಾಯಿತು. ಆದರೆ ಆ ಲೇಸನ್ನು ಹೆಣೆದ ಹೆಂಗಸರ ಹೆಸರು ಆ ಕಲ್ಲಿನ ಮೇಲಿಲ್ಲ.

ಲಂಡನ್ನಿನಿಂದ ಎಕ್ಸೆಟರ್ ನಗರಕ್ಕೆ ಹೋಗುವ ಹಳೆಯ ಹೆದ್ದಾರಿಯೇ ಹಾನಿಟನ್ನಿನ ಪೇಟೆಬೀದಿ. ಸುತ್ತಲಿನ ಹಳ್ಳಿಗಳಲ್ಲಿ, ಬಿಯರ್, ಬ್ರಾನ್ಸ್‌ಕೂಮ್‌ನಂಥ ಕಡಲ ತೀರದ ಊರುಗಳಲ್ಲಿ ಹೆಣೆದ ಲೇಸೆಲ್ಲ ಇಲ್ಲಿಗೆ ಬಂದು, ಕುದುರೆ ಗಾಡಿಯೇರಿ ಲಂಡನ್ನಿಗೆ ಹೋಗುತ್ತಿತ್ತು. ಹಾಗಾಗಿ ಯಾವ ಹಳ್ಳಿಯಲ್ಲಿ ತಯಾರಾದರೂ ಅದಕ್ಕೆ ‘ಹಾನಿಟನ್ ಲೇಸ್’ ಎಂಬ ಹೆಸರೇ ನಿಂತಿತು.

ಈ ಕಸುಬಿಗೆ ಮಗ್ಗ ಬೇಡ. ಹುಲ್ಲು ತುಂಬಿದ ಗಟ್ಟಿ ದಿಂಬು, ಗುಂಡುಪಿನ್ನುಗಳು, ನೂಲು ಸುತ್ತುವ ತೆಳುವಾದ ಮರದ ಬಾಬಿನ್‌ಗಳು, ಕೂದಲೆಳೆಯಂಥ ನೂಲು ಇದ್ದರೆ ಸಾಕು. ಚಿತ್ತಾರವನ್ನು ಚುಕ್ಕಿ ಚುಕ್ಕಿಯಾಗಿ ಚುಚ್ಚಿದ ಹಾಳೆಯನ್ನು ದಿಂಬಿನ ಮೇಲೆ ಹಾಸುತ್ತಾರೆ. ಬಾಬಿನ್‌ಗಳನ್ನು ಜೋಡಿ ಜೋಡಿಯಾಗಿ ಅದಲುಬದಲು ಮಾಡುತ್ತ, ತಿರುಚುತ್ತ, ಪಿನ್ನು ನೆಡುತ್ತ ಹೋದಂತೆ ಗುಲಾಬಿ, ಎಲೆ, ಚಿಟ್ಟೆಗಳು ಮೂಡುತ್ತವೆ. ಹೀಗೆ ಒಂದೊಂದು ಹೂವನ್ನೂ ಬಿಡಿಯಾಗಿ ಹೆಣೆದು ಕೊನೆಗೆ ಕೂಡಿಸುವುದೇ ಹಾನಿಟನ್ ಲೇಸಿನ ವೈಶಿಷ್ಟ್ಯ. ಹಲವು ಮನೆಗಳಲ್ಲಿ ಹಲವು ಕೈಗಳು ಮಾಡಿದ ಹೂಗಳು ಒಂದೇ ಮುಸುಕಿನಲ್ಲಿ ಸೇರುತ್ತಿದ್ದವು.

ಆ ಕೈಗಳ ಬದುಕು ಮಾತ್ರ ನಯವಾಗಿರಲಿಲ್ಲ. ಐದಾರು ವರ್ಷದ ಹೆಣ್ಣುಮಕ್ಕಳನ್ನೇ ಲೇಸ್ ಶಾಲೆಗೆ ಕೂರಿಸುತ್ತಿದ್ದರು. ವ್ಯಾಪಾರಿಗಳು ಕೂಲಿಯನ್ನು ಹಣವಾಗಿ ಕೊಡದೆ ತಮ್ಮ ಅಂಗಡಿಯ ಸಾಮಾನನ್ನೇ ಕೊಟ್ಟು ಕಳಿಸುವ ಪದ್ಧತಿಯಿತ್ತು. ಅದನ್ನು ತಡೆಯಲು 1779ರಲ್ಲಿ ಸಂಸತ್ತು ಕಾಯ್ದೆಯನ್ನೇ ತರಬೇಕಾಯಿತು. ಮುಂದೆ ಜಾನ್ ಹೀತ್‌ಕೋಟ್ ಎಂಬಾತ, ಹೂಗಳಿಗೆ ಹಿನ್ನೆಲೆಯಾಗುವ ಜಾಲರಿಯನ್ನು ಹೆಣೆಯುವ ಯಂತ್ರ ರೂಪಿಸಿದ. 1816ರಲ್ಲಿ ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿದ ಲಡೈಟರು (ಯಂತ್ರವಿರೋಧಿ ಕೆಲಸಗಾರರು) ಯಂತ್ರಗಳನ್ನು ಪುಡಿಗಟ್ಟಿದಾಗ, ಅವನು ಡೆವನ್ನಿನ ಟಿವರ್ಟನ್ನಿಗೇ ಬಂದು ನೆಲೆಸಿದ. ಕೈಯಿಂದ ಜಾಲರಿ ಹೆಣೆಯುತ್ತಿದ್ದವರ ಅನ್ನಕ್ಕೆ ಪೆಟ್ಟು ಬಿತ್ತು. ಹೂಗಳನ್ನು ಹೆಣೆಯುವವರು ಮಾತ್ರ, ಆ ಹೂಗಳನ್ನು ಯಂತ್ರದ ಜಾಲರಿಯ ಮೇಲೆ ಹೊಲಿದು ಕಸುಬನ್ನು ಉಳಿಸಿಕೊಂಡರು.

ಸೊರಗುತ್ತಿದ್ದ ಕಸುಬಿಗೆ ರಾಣಿ ವಿಕ್ಟೋರಿಯಾಳ ಮದುವೆ ಜೀವ ತುಂಬಿತು. 1840ರ ಫೆಬ್ರುವರಿ 10ರಂದು ಅವಳು ತೊಟ್ಟ ಮದುವೆಯ ಉಡುಪಿನ ಲೇಸನ್ನು ಬಿಯರ್ ಹಾಗೂ ನೆರೆಯ ಹಳ್ಳಿಗಳ ಇನ್ನೂರಕ್ಕೂ ಹೆಚ್ಚು ಹೆಂಗಸರು ತಿಂಗಳುಗಟ್ಟಲೆ ಕೂತು ಹೆಣೆದಿದ್ದರು. ಮರುವರ್ಷ ಅವಳ ಚೊಚ್ಚಲ ಮಗಳ ನಾಮಕರಣದ ನಿಲುವಂಗಿಗೂ ಹಾನಿಟನ್ ಲೇಸೇ ಬಂತು. ಅದೇ ನಿಲುವಂಗಿಯನ್ನು ರಾಜಮನೆತನದ ಕೂಸುಗಳಿಗೆ ತಲೆಮಾರುಗಳ ಕಾಲ ತೊಡಿಸಿದರು. 2004ರಲ್ಲಿ ಕೊನೆಯ ಬಾರಿ ತೊಡಿಸಿ, ಬಟ್ಟೆ ಜೀರ್ಣವಾಗಿದ್ದರಿಂದ ಎತ್ತಿಟ್ಟರು. 2008ರಿಂದ ಅದರ ಪ್ರತಿರೂಪ ಬಳಕೆಯಲ್ಲಿದೆ.

ಹಾನಿಟನ್ ತನ್ನ ಹಳೆಯದನ್ನು ಸುಲಭಕ್ಕೆ ಬಿಟ್ಟುಕೊಡುವ ಊರಲ್ಲ. ಪ್ರತಿ ಜುಲೈನಲ್ಲಿ ಇಲ್ಲಿ ‘ಬಿಸಿ ಕಾಸಿನ’ ಹಬ್ಬ ನಡೆಯುತ್ತದೆ. ಡಂಗುರದವನು ಹೂಹಾರ ಸುತ್ತಿದ ಕೋಲಿನ ತುದಿಗೆ ಬಂಗಾರ ಬಣ್ಣದ ಕೈಗವಸು ಏರಿಸಿ, ಅದು ಮೇಲಿರುವ ತನಕ ಯಾರನ್ನೂ ಸೆರೆಹಿಡಿಯುವಂತಿಲ್ಲ ಎಂದು ಸಾರುತ್ತಾನೆ. ಕಿಟಕಿಗಳಿಂದ ಬೆಚ್ಚಗಿನ ಕಾಸುಗಳನ್ನು ಎರಚಿದರೆ ಮಕ್ಕಳು ಮುಗಿಬಿದ್ದು ಹೆಕ್ಕುತ್ತಾರೆ.

ಆಲ್‌ಹ್ಯಾಲೋಸ್ ವಸ್ತುಸಂಗ್ರಹಾಲಯ ಹುಟ್ಟಿದ್ದೂ ಇದೇ ಅಕ್ಕರೆಯಿಂದ. ಪೇಟೆಬೀದಿಯಲ್ಲಿ, ಪಟ್ಟಣದ ಅತಿ ಹಳೆಯ ಕಟ್ಟಡದಲ್ಲಿರುವ ಇದನ್ನು ಬಹುಮಟ್ಟಿಗೆ ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ. ಹಾನಿಟನ್ ಲೇಸಿನ ಬಹು ದೊಡ್ಡ ಸಂಗ್ರಹಗಳಲ್ಲೊಂದು ಇಲ್ಲಿದೆ. ಇಂದು ಈ ಕಸುಬಿನಿಂದ ಹೊಟ್ಟೆ ಹೊರೆಯಲಾಗದು. ಆದರೂ ಪ್ರೀತಿಯಿಂದ ಕಲಿಯುವವರಿದ್ದಾರೆ, ಕಲಿಸುವವರಿದ್ದಾರೆ.

ಡೆವನ್ ಕಡೆಗೆ ಹೋಗುವ ಕನ್ನಡಿಗರು ಕಡಲ ತೀರವನ್ನಷ್ಟೇ ನೋಡಿ ಮರಳಬೇಡಿ. ಹಾನಿಟನ್ನಿನಲ್ಲಿ ಇಳಿದು, ಗಾಜಿನ ಹಿಂದಿರುವ ಒಂದು ಲೇಸಿನ ಹೂವಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಾರಿದವನ ಹೆಸರು ಗುಡ್ಡದ ಮೇಲಿನ ಕಲ್ಲಿನಲ್ಲಿದೆ. ಹೆಣೆದವಳ ಗುರುತಾಗಿ ಉಳಿದಿರುವುದು ಆ ಹೂವೊಂದೇ.