ಮುಂಜಾನೆಯ ಚಳಿಗೆ ಎಂಜಿನು ಏಳದಿದ್ದರೆ



ಪುಷ್ಯ ಮಾಸ ಬಂತೆಂದರೆ ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಬಿಡುವಿಲ್ಲ. ಮಖ್ತಲ್, ಕೃಷ್ಣಾ ಮಂಡಲಗಳ ನೀರಾವರಿಯಲ್ಲಿ ಭತ್ತದ ಗದ್ದೆಗೆ ಕೆಸರು ಹೊಡೆಯಬೇಕು. ನಾರಾಯಣಪೇಟೆಯ ಕಡೆ ತೊಗರಿಯ ರಾಶಿ ಆಗಬೇಕು. ಗದ್ವಾಲದ ಕಡೆ ಶೇಂಗಾ ಮನೆಗೆ ಬರಬೇಕು. ಇಂಥ ಹೊತ್ತಿನಲ್ಲೇ ಮುಂಜಾನೆ ಕೀಲಿ ತಿರುವಿದರೆ ಎಂಜಿನು ನಾಲ್ಕು ಸಲ ನರಳಿ ಸುಮ್ಮನಾಗುತ್ತದೆ. "ಚಳಿಗೆ ಹಿಡಿದಿದೆ" ಎಂದು ನಾವು ಚಳಿಯನ್ನು ಬಯ್ಯುತ್ತೇವೆ.

ಆದರೆ ತಪ್ಪು ಚಳಿಯದಲ್ಲ. ಹಿಮ ಬೀಳುವ ದೇಶಗಳಲ್ಲಿಯೂ ಡೀಸೆಲ್ ಎಂಜಿನುಗಳು ಏಳುತ್ತವೆ. ನಮ್ಮಲ್ಲಿಯ ಚಳಿ ಅಷ್ಟು ಕಠಿಣವಾದುದಲ್ಲ. ಶಾಲೆಯಲ್ಲಿ ಪರೀಕ್ಷೆಯು ಹುಡುಗನನ್ನು ದಡ್ಡನನ್ನಾಗಿ ಮಾಡುವುದಿಲ್ಲ, ಅವನು ಓದದೆ ಬಿಟ್ಟದ್ದನ್ನು ತೋರಿಸುತ್ತದೆ. ಚಳಿಯೂ ಹಾಗೆಯೇ. ಬೇಸಿಗೆಯಲ್ಲಿ ಮರೆಯಾಗಿದ್ದ ದೋಷವನ್ನು ಅದು ಹೊರಗೆ ಹಾಕುತ್ತದೆ.

ಕಾರಣವನ್ನು ಅರಿಯಲು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ನೆನೆಯಿರಿ. ಹತ್ತು ಸಲ ಒತ್ತಿದರೆ ಅದರ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ಎಂಜಿನಿನ ಮರ್ಮವೂ ಇದೇ. ಇದರಲ್ಲಿ ಪೆಟ್ರೋಲ್ ಎಂಜಿನಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ನು ಒಳಗಿನ ಗಾಳಿಯನ್ನು ಸುಮಾರು 17ರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದರ ಕಾವು 500 ಡಿಗ್ರಿಯ ಸುತ್ತಮುತ್ತ ಏರುತ್ತದೆ. ಆ ಕಾವಿನೊಳಕ್ಕೆ ನಾಜಲು ಡೀಸೆಲನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಎಂಜಿನು ಏಳಲು ಮೂರು ಸಂಗತಿ ಕೂಡಬೇಕು: ಅದು ವೇಗವಾಗಿ ತಿರುಗಬೇಕು, ಶುದ್ಧ ಡೀಸೆಲ್ ಬರಬೇಕು, ಸಾಕಷ್ಟು ಗಾಳಿ ಸಿಗಬೇಕು. ಮೆಲ್ಲಗೆ ತಿರುಗಿದರೆ ಒತ್ತಿದ ಗಾಳಿಯ ಕಾವು ತಣ್ಣನೆಯ ಕಬ್ಬಿಣಕ್ಕೆ ಇಳಿದುಹೋಗುತ್ತದೆ.

ಈಗ ಪರೀಕ್ಷೆಗೆ ತೊಡಗೋಣ. ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕೈ.

ಕಿವಿ: ಎಂಜಿನು ತಿರುಗುವ ಸದ್ದು ಚುರುಕಾಗಿದೆಯೋ, ಸೋತಂತಿದೆಯೋ ಕೇಳಿರಿ. ಸೋತಿದ್ದರೆ ದೋಷ ಬಹುಮಟ್ಟಿಗೆ ಬ್ಯಾಟರಿಯಲ್ಲಿದೆ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ಋಣ ತಂತಿಯನ್ನು, ಆಮೇಲೆ ಧನ ತಂತಿಯನ್ನು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಯಾಗಿ ಕೂಡಿಸಿ ವ್ಯಾಸಲಿನ್ ಸವರಿರಿ. ಕೂಡಿಸುವಾಗ ಋಣ ತಂತಿ ಕೊನೆಗೆ. ಎಂಜಿನ್ ಎಣ್ಣೆ ಹಳತಾಗಿ ದಪ್ಪಗಾಗಿದ್ದರೂ ಎಂಜಿನು ಭಾರವಾಗಿ ತಿರುಗುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರು ಒತ್ತಕೂಡದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಕಣ್ಣು: ಒಬ್ಬರು ಸ್ಟಾರ್ಟರು ಒತ್ತಲಿ, ಇನ್ನೊಬ್ಬರು ಸೈಲೆನ್ಸರಿನ ಬಾಯಿ ನೋಡಲಿ. ಹೊಗೆಯೇ ಇಲ್ಲವಾದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ, ಕಾವು ಸಾಲದು. ಬ್ಯಾಟರಿ ಸರಿಯಿದ್ದೂ ದಿನವೂ ಹೀಗಾದರೆ ರಿಂಗು, ವಾಲ್ವು ಸವೆದಿರಬಹುದು ಅಥವಾ ನಾಜಲು ಕೆಟ್ಟಿರಬಹುದು. ಇದು ಮೆಕ್ಯಾನಿಕ್ಕನ ಕೆಲಸ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು. ರಾಶಿಯ ಧೂಳು ತುಂಬಿದ ಏರ್ ಕ್ಲೀನರನ್ನು ಶುಚಿ ಮಾಡಿರಿ.

ಕೈ: ಹೊಗೆ ಇಲ್ಲದಿದ್ದಾಗ ಎಂಜಿನ್ ನಿಲ್ಲಿಸುವ ಗುಂಡಿ ಎಳೆದಲ್ಲೇ ನಿಂತಿದೆಯೇ, ಡೀಸೆಲ್ಲಿನ ನಲ್ಲಿ ಮುಚ್ಚಿದೆಯೇ ಎಂದು ಮೊದಲು ನೋಡಿರಿ. ನಂತರ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರನ್ನು ಇಳಿಸಿರಿ. ಆಮೇಲೆ ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆ ನಿಂತು ಬರಿಯ ಡೀಸೆಲ್ ಹರಿದ ಮೇಲೆ ಬಿಗಿಯಿರಿ. ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಗಾಳಿಯನ್ನೇ ಒತ್ತುತ್ತಿರುತ್ತದೆ, ನಾಜಲು ತೆರೆಯುವುದಿಲ್ಲ.

ಇದನ್ನು ನಾನು ನಷ್ಟಪಟ್ಟು ಕಲಿತೆನು. ಒಂದು ಜನವರಿಯಲ್ಲಿ ನಮ್ಮ ಗದ್ದೆಗೆ ಕಾಲುವೆಯ ನೀರಿನ ಪಾಳಿ ಬಂದ ದಿನ ಟ್ರ್ಯಾಕ್ಟರು ಏಳಲಿಲ್ಲ. ಅರ್ಧ ಗಂಟೆ ಸ್ಟಾರ್ಟರು ಒತ್ತಿ ಬ್ಯಾಟರಿಯನ್ನು ಕೊಂದೆನು. ಬಂದ ಮೆಕ್ಯಾನಿಕ್ಕನು ಪಂಪನ್ನೇ ಬಿಚ್ಚಬೇಕೆಂದನು. ಆಗ ನನ್ನ ವೃದ್ಧ ತಂದೆಯವರು, "ನೆಗಡಿ ಬಂತೆಂದು ಮೂಗು ಕೊಯ್ಯಿಸುತ್ತೀಯೇನಪ್ಪಾ, ಮೊದಲು ಫಿಲ್ಟರು ನೋಡು" ಎಂದರು. ತಿರುಪು ಸಡಿಲಿಸಿದರೆ ಒಂದು ಲೋಟ ನೀರು! ಹಿಂದಿನ ರಾತ್ರಿಗಳಲ್ಲಿ ಟ್ಯಾಂಕನ್ನು ಮುಕ್ಕಾಲು ಖಾಲಿ ಬಿಟ್ಟಿದ್ದೆನು. ಖಾಲಿ ಜಾಗದ ತೇವಗಾಳಿ ಚಳಿಗೆ ಹನಿಯಾಗಿ ದಿನದಿನಕ್ಕೆ ಇಳಿದು ಸೇರಿತ್ತು. ತಪ್ಪು ನನ್ನದೇ. ನೀರಿನ ಪಾಳಿ ಮಾತ್ರ ನೆರೆಯವರ ಪಾಲಾಯಿತು.

ನದೀತೀರದಲ್ಲಿ ಹ್ಯಾಂಡಲು ತಿರುವಿ ಎಬ್ಬಿಸುವ ಸಣ್ಣ ಪಂಪ್‌ಸೆಟ್ಟು ಉಳ್ಳವರಿಗೆ ಒಂದು ಮಾತು. ಒತ್ತಡ ಬಿಡುವ ಸನ್ನೆಯನ್ನು ಎತ್ತಿ, ವೇಗ ಬಂದ ಮೇಲೆಯೇ ಇಳಿಸಿರಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇರಿಸಿರಿ. ಸುತ್ತಿ ಹಿಡಿದರೆ ಎಂಜಿನು ಹಿಂದಕ್ಕೆ ಒದ್ದಾಗ ಮುರಿಯುತ್ತದೆ.

ಇನ್ನು, ಎಂದಿಗೂ ಮಾಡಕೂಡದ ಕೆಲಸಗಳಿವೆ. ನೆಲದ ಮೇಲೆ ನಿಂತು, ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿಗಳನ್ನು ಮುಟ್ಟಿಸಿ ಎಂಜಿನು ಎಬ್ಬಿಸುವ ರೂಢಿ ಕೆಲವರಲ್ಲಿದೆ. ಗೇರಿನಲ್ಲಿದ್ದ ಟ್ರ್ಯಾಕ್ಟರು ಏಳುತ್ತಲೇ ಮುಂದಕ್ಕೆ ನುಗ್ಗುತ್ತದೆ. ಹಿಂದಿನ ಚಕ್ರದ ಮುಂದೆ ನಿಂತವನಿಗೆ ಸರಿಯಲು ಹೊತ್ತಿರುವುದಿಲ್ಲ. ಆಸನದಲ್ಲಿ ಕುಳಿತು, ಗೇರು ತಟಸ್ಥಕ್ಕೆ ತಂದು, ಕ್ಲಚ್ಚು ತುಳಿದೇ ಎಬ್ಬಿಸಬೇಕು. ಎಂಜಿನಿನ ಕೆಳಗೆ ಬೆಂಕಿ ಹಾಕಕೂಡದು. ಗಾಳಿಯ ಬಾಯಿಗೆ ಪೆಟ್ರೋಲ್ ಸುರಿಯಕೂಡದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನು ಓಡಿಸಕೂಡದು. ಅದರ ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಿಷಾನಿಲವಿರುತ್ತದೆ. ನಾಜಲಿನ ತುಂತುರಿಗೆ ಕೈ ಒಡ್ಡಕೂಡದು. ಅದು ಚರ್ಮ ಭೇದಿಸಿ ರಕ್ತಕ್ಕೆ ಸೇರುತ್ತದೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

50 ಅಶ್ವಶಕ್ತಿಗೆ ಮೀರಿದ ಟ್ರ್ಯಾಕ್ಟರುಗಳಿಗೆ 2023ರಿಂದ ಹೊಸ ಹೊಗೆ ನಿಯಮ ಬಂದಿದೆ. ಇಂಥ ಹೊಸ ಎಂಜಿನುಗಳಲ್ಲಿ ಹಲವಕ್ಕೆ ಗಣಕವೇ ಡೀಸೆಲ್ ಅಳೆದು ಕೊಡುತ್ತದೆ, ಪೈಪಿನ ಒತ್ತಡವೂ ಬಹಳ ಹೆಚ್ಚು. ಅವುಗಳ ಪೈಪುಗಳನ್ನು ನಾವು ಬಿಚ್ಚಕೂಡದು. ಕೀಲಿಯನ್ನು ಮೊದಲ ಹಂತಕ್ಕೆ ತಿರುವಿ, ಹೀಟರಿನ ದೀಪವಿದ್ದರೆ ಅದು ಆರಿದ ಮೇಲೆ ಸ್ಟಾರ್ಟರು ಒತ್ತಬೇಕು. ಮಿಕ್ಕುದನ್ನು ತರಬೇತಿ ಪಡೆದವರಿಗೆ ಬಿಡುವುದು ಲೇಸು.

ಬೆಳಗಿನ ಕಷ್ಟಕ್ಕೆ ಮದ್ದು ಸಂಜೆಯೇ ಇದೆ. ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿರಿ, ವಾರಕ್ಕೊಮ್ಮೆ ಫಿಲ್ಟರಿನ ನೀರು ಇಳಿಸಿರಿ, ಬ್ಯಾಟರಿಯ ತುದಿ ನೋಡಿರಿ. ಎತ್ತುಗಳಿಗೆ ಮೇವು ಹಾಕದೆ ನಮ್ಮ ಹಿರಿಯರು ಉಣ್ಣಲು ಕೂರುತ್ತಿರಲಿಲ್ಲ. ಎತ್ತಿನ ಜಾಗಕ್ಕೆ ಬಂದ ಯಂತ್ರಕ್ಕೂ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಅದು ಹೊತ್ತಿಗೆ ಸರಿಯಾಗಿ ಏಳುತ್ತದೆ.